ಆರು ಅಂಗಡಿಯ ದೋಸೆ

ತುಂಗಭದ್ರೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಒಬ್ಬ ಮುದುಕ ಗುರು, ಒಬ್ಬನೇ ಶಿಷ್ಯ. ಶಿಷ್ಯನ ಹೆಸರು ಮುರಿಗೆಪ್ಪ. ಅಂಥ ಶಿಷ್ಯ ಸಿಕ್ಕ ಮೇಲೆ ಆ ಗುರುವಿಗೆ ಬೇರೆ ತಪಸ್ಸು ಬೇಕಾಗಿರಲಿಲ್ಲ.

ಮೂರು ವರ್ಷ ಕಾಡಿ ಬೇಡಿ ಮುರಿಗೆಪ್ಪ ಗುರುವನ್ನು ದೀಕ್ಷೆಗೆ ಒಪ್ಪಿಸಿದ್ದ. ದೀಕ್ಷೆ ಮರುದಿನ ಬೆಳಗ್ಗೆ. ಕಾವಿ ಬಟ್ಟೆ ಕೊಳ್ಳಲು ಇಬ್ಬರೂ ದಾವಣಗೆರೆಗೆ ಬಂದರು. ಬಟ್ಟೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಹಿಂದಿರುಗುವ ಬಸ್ಸು ಸಂಜೆಗೆ.

"ಬುದ್ಧಿ, ಇಲ್ಲೀ ತನಕ ಬಂದು ಬೆಣ್ಣೆ ದೋಸಿ ತಿನ್ನದೆ ಹೋಗೋದು ಹೆಂಗ್ರಿ?"

"ತಿನ್ನು. ಯಾರು ಬ್ಯಾಡ ಅಂದ್ರು?"

"ಯಾವ ಅಂಗಡೀದು ಚಲೋ ಅಂತ ಮೊದಲು ನೋಡಬೇಕಲ್ರಿ. ದೊಡ್ಡ ಹೋಟ್ಲು ಬ್ಯಾಡ. ಕಟ್ಟಿಗಿ ಒಲಿ ಹಚ್ಚೋ ಸಣ್ಣ ಅಂಗಡಿ ಆರು ಅದಾವಂತ."

ಅವನ ಕೈಯಲ್ಲಿ ಆಗಲೇ ಒಂದು ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಗುರುವಿಗೆ ತಲೆ ಬಿಸಿಯಾಯಿತು.

ಮೊದಲ ಅಂಗಡಿಯಲ್ಲಿ ದೋಸೆ ಬಂತು. ಮೇಲೆ ಬೆಣ್ಣೆ ಕರಗುತ್ತಿತ್ತು. ಮುರಿಗೆಪ್ಪ ಅಂಚಿನಿಂದ ಒಂದು ತುತ್ತು ಮುರಿದು, ಕಣ್ಣು ಮುಚ್ಚಿ ಅಗಿದು, ಪುಸ್ತಕದಲ್ಲಿ ಏನೋ ಬರೆದು ಎದ್ದು ನಿಂತ.

"ಉಳಿದದ್ದು?"

"ಹೊಟ್ಟಿಯಾಗ ಜಾಗ ಇರಬೇಕಲ್ರಿ. ಇನ್ನೂ ಐದು ಅದಾವು."

ಅವರ ಮಠದಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯಬೇಕು. ಗುರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಪೂರ್ತಿ ತಿಂದರು.

"ಅಯ್ಯೋ ಬುದ್ಧಿ, ಅದು ನನ್ನ ಎಂಜಲು."

"ಬಿಟ್ಟು ಏಳಬಾರದು ಅಂತ ದಿನಾ ಹೇಳಾವ ನಾನೇ ಅಲ್ಲೇನು?"

"ಮುಂದಿಂದು ಪೂರ್ತಿ ತಿಂತೀನ್ರಿ."

ತಿನ್ನಲಿಲ್ಲ. ಎರಡನೆಯದು ಗರಿಗರಿಯಾಗಿದೆ, ಚಟ್ನಿ ಮಾತ್ರ ಮೊದಲನೆಯದೇ ವಾಸಿ ಎಂದ. ಮೂರನೆಯದರಲ್ಲಿ ಕೂತು ಎರಡನೆಯದನ್ನು ಹೊಗಳಿದ. ನಾಲ್ಕನೆಯದರಲ್ಲಿ ಪಲ್ಯ ಇನ್ನೂ ಬಾಯಲ್ಲಿರುವಾಗಲೇ ಐದನೆಯದಕ್ಕೆ ದಾರಿ ಯಾವುದೆಂದು ಆ ಅಂಗಡಿಯವನನ್ನೇ ಕೇಳಿದ. ಒಲೆಯ ಮುಂದೆ ಬೆವರುತ್ತಿದ್ದ ಆತ ದುರುಗುಟ್ಟಿ ನೋಡಿದ. ಶಿಷ್ಯನ ಪರವಾಗಿ ಗುರು ಕೈ ಮುಗಿದರು.

ಉಳಿದದ್ದೆಲ್ಲ ಹೋದದ್ದು ಅವರ ಹೊಟ್ಟೆಗೆ. ದಿನಕ್ಕೊಂದು ಹೊತ್ತು ಗಂಜಿ ಕುಡಿಯುವ ಮುದುಕರು ಪಾಪ, ಆರನೆಯದು ಮುಗಿಯುವಷ್ಟರಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು.

ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮುರಿಗೆಪ್ಪ ಪುಸ್ತಕ ಬಿಚ್ಚಿದ.

"ಬೆಣ್ಣಿ ಮೊದಲನೇದ್ರಾಗ ಚಲೋ. ಪಲ್ಯ ಮೂರನೇದ್ರಾಗ. ಹದ ಆರನೇದ್ರಾಗ. ಎಲ್ಲಾ ಕೂಡಿ ಬಂದಿದ್ದು ಒಂದೂ ಇಲ್ರಿ."

"ಮುಗೀತಾ?"

"ಮುಗೀತ್ರಿ." ಅವನು ತಲೆ ತಗ್ಗಿಸಿದ. "ಬುದ್ಧಿ, ಹಸಿವಾಗೇತಿ."

ಗುರು ಅವನ ಮುಖವನ್ನೇ ನೋಡಿದರು. ಅವರ ಸಿಟ್ಟು ನೆತ್ತಿಗೇರಿತು.

"ನಾಳೆ ದೀಕ್ಷೆ ತಗೊಂಡು ಮಠದಾಗೇ ಇರ್ತೀಯೇನೋ?"

"ಇರ್ತೀನ್ರಿ. ಒಂದೇ ಮಾತು. ಕೃಷ್ಣೆ ದಂಡಿ ಮ್ಯಾಲೆ ಒಬ್ರು ಸ್ವಾಮಿಗಳು ಅದಾರಂತ. ದೀಕ್ಷೆ ಆದ ಮ್ಯಾಲೆ ಅವರನ್ನೂ ಒಂದು ಸಲ ನೋಡಿ ಬಂದ್ರ..."

ಗುರು ಅವನ ತೊಡೆಯ ಮೇಲಿದ್ದ ಕಾವಿ ಬಟ್ಟೆಯ ಗಂಟನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಮುರಿಗೆಪ್ಪ ಗಂಟಿನತ್ತ ಕೈ ಚಾಚಿದ. ಮೂರು ವರ್ಷ ಅವನು ಕಾದದ್ದು ಆ ಗಂಟಿಗಾಗಿಯೇ.

"ತಪ್ಪಾತ್ರಿ ಬುದ್ಧಿ."

"ನಿನ್ನ ಪುಸ್ತಕದಾಗ ಎಲ್ಲಕ್ಕಿಂತ ಕೆಟ್ಟದ್ದು ಯಾವುದು?"

"ಐದನೇದ್ರಿ. ಇಲ್ಲೇ ಎದುರಿಗೆ ಐತಲ್ಲ, ಅದು. ಒಂದು ಕಡೆ ಸೀದಿತ್ತು. ಚಟ್ನಿಗೆ ಉಪ್ಪು ಜಾಸ್ತಿ."

"ಏಳು."

ಗುರು ಅವನ ರಟ್ಟೆ ಹಿಡಿದು ಅಲ್ಲಿಗೇ ಕರೆದುಕೊಂಡು ಹೋದರು. ಒಂದು ದೋಸೆ ಹೇಳಿದರು. ಅದು ಬರುವಷ್ಟರಲ್ಲಿ ಪುಸ್ತಕವನ್ನೂ ಪೆನ್ಸಿಲ್ಲನ್ನೂ ಕಸಿದುಕೊಂಡರು.

ದೋಸೆ ಈ ಸಲವೂ ಒಂದು ಕಡೆ ಸೀದಿತ್ತು. ಹೊರಗೆ ಅವರ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಬುದ್ಧಿ, ಬಸ್ಸು ಹೋಗ್ತೈತ್ರಿ."

"ಹೋಗಲಿ."

"ಮತ್ತ ನಾಳೆ ದೀಕ್ಷೆ?"

"ತಿನ್ನು. ತಟ್ಟೆ ನೋಡಿ ಹೇಳ್ತೀನಿ."