ಮೂಗಿನ ಮೇಲಿನ ಮೊಗ್ಗು

"ಗುರುಗಳೇ! ನಂಬೋಕೇ ಆಗಲ್ಲ! ಈಗ ತಾನೇ ನನ್ನ ಮೆದುಳನ್ನ ನಾನೇ ನೋಡ್ಕೊಂಡು ಬಂದೆ!"

ದೋಣಿ ಇನ್ನೂ ದಡಕ್ಕೆ ತಾಗಿರಲಿಲ್ಲ. ಕುಬೇರ ಆಗಲೇ ನೀರಿಗೆ ಹಾರಿ, ಪಂಚೆ ಎತ್ಕೊಂಡು ಓಡಿ ಬರ್ತಿದ್ದ.

ಆಶ್ರಮದ ಅಂಗಳದಲ್ಲಿ ಶಾಂತಲಿಂಗ ಪಂಡಿತರು ಕೀಲುನೋವಿಗೆ ಹಚ್ಚೋ ಎಣ್ಣೆ ಕಾಯಿಸ್ತಿದ್ರು. ತಲೆ ಎತ್ತಲಿಲ್ಲ.

"ಇತ್ತಾ?" ಅಂದ್ರು.

"ಏನು?"

"ಮೆದುಳು."

"ತಮಾಷೆ ಬೇಡ ಗುರುಗಳೇ!"

ಮಳೆಗಾಲದಲ್ಲಿ ಒಂದು ಜ್ವರ ಬಂದು ಹೋದ ಮೇಲೆ ಕುಬೇರನಿಗೆ ವಾಸನೆ ಅನ್ನೋದೇ ಹೊರಟು ಹೋಗಿತ್ತು. ಈ ಆಶ್ರಮದಲ್ಲಿ ಎಣ್ಣೆ ಇಳಿಸೋ ಹದ ಹೇಳೋದು ಮೂಗು. ಅವನು ಸೌಟು ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದ, ಒಂದು ಕೊಪ್ಪರಿಗೆ ಎಣ್ಣೆ ಸೀದು ಕರಕಲಾಯ್ತು. ಅವನಿಗೆ ಗೊತ್ತೇ ಆಗಲಿಲ್ಲ. ನೋವು ಅಂತ ಬಂದವರು ಬರಿಗೈಲಿ ವಾಪಸ್ ಹೋದ್ರು.

ಅವತ್ತೇ ಗುರುಗಳು ಸೌಟು ಇಸ್ಕೊಂಡ್ರು. "ವಾಸನೆ ಬಂದ ದಿನ ಕೇಳು, ಕೊಡ್ತೀನಿ."

ಈಗ ಕುಬೇರ ಒಲೆ ಪಕ್ಕ ಕುಕ್ಕರಿಸಿದ. "ಮೂಗಿನ ಮೇಲ್ಗಡೆ, ಮೆದುಳಿನ ಅಡೀಲಿ, ಎರಡು ಪುಟ್ಟ ಮೊಗ್ಗು ಇರ್ತವಂತೆ ಗುರುಗಳೇ! ಮೂಗು ಹೇಳಿದ್ದನ್ನ ಮೊದಲು ಕೇಳಿಸ್ಕೊಳ್ಳೋದೇ ಅವು. ನನ್ನ ಮೂಗು ಬಾಯಿ ಮುಚ್ಕೊಂಡಿತಲ್ಲ, ಕೆಲಸ ಇಲ್ದೆ ಅವೂ ಸೊರಗಿಬಿಟ್ಟಿವೆ! ಆಸ್ಪತ್ರೇಲಿ ಡಾಕ್ಟರಮ್ಮ ಸ್ಕ್ಯಾನ್ ಫೋಟೋ ಮೇಲೆ ಬೆರಳಿಟ್ಟು ತೋರ್ಸಿದ್ರು!"

"ಮತ್ತೆ ತುಂಬ್ಕೊಳ್ಳಲ್ವಂತಾ?"

"ಕೆಲವರಿಗೆ ತುಂಬ್ಕೊಳ್ತವಂತೆ. ದಿನಾ ಅದದೇ ವಾಸನೆಗಳನ್ನ ಮನಸ್ಸಿಟ್ಟು ಮೂಸ್ಬೇಕಂತೆ. ಗ್ಯಾರಂಟಿ ಇಲ್ಲ ಅಂದ್ರು. ಗ್ಯಾರಂಟಿ ಯಾರಿಗೆ ಬೇಕು? ನಾನು ಸೌಟು ಹಿಡಿದೇ ಹಿಡೀತೀನಿ!"

"ಹಾಗಾದ್ರೆ ಮಾತು ನಿಲ್ಸು. ಮೂಸು."

ಲವಂಗ, ನಿಂಬೆಸಿಪ್ಪೆ, ಗುಲಾಬಿ, ಏಲಕ್ಕಿ. ಒಂದೊಂದಕ್ಕೂ ಒಂದು ಮಣ್ಣಿನ ಕುಡಿಕೆ. ಬೆಳಿಗ್ಗೆ ಎದ್ದು ಕುಬೇರ ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂರೋದು, ಗುರುಗಳು ಕುಡಿಕೆ ಮೂಗಿಗೆ ಹಿಡಿಯೋದು.

"ಏನ್ ಬಂತು?"

"ಗಾಳಿ."

"ಈಗ?"

"ಗಾಳೀನೇ. ಆದ್ರೆ ಒಳ್ಳೆ ಗಾಳಿ ಗುರುಗಳೇ!"

ಚಳಿ ಕಳೀತು. ಮಾವು ಹೂ ಬಿಡ್ತು. ಎಲ್ರೂ ಆಹಾ ಅಂದ್ರು. ಕುಬೇರನೂ ಮರದ ಕೆಳಗೆ ನಿಂತು ಉಸಿರು ಎಳೆದ, ಎಳೆದ, ತಲೆ ಸುತ್ತಿ ಕೂತ್ಕೊಂಡ. ಮಾರನೇ ಬೆಳಿಗ್ಗೆ ನೋಡಿದ್ರೆ ಬಟ್ಟೆ ಕಟ್ಕೊಂಡು ರೆಡಿ!

ಹೀಗೇ ಒಂದು ಬೆಳಿಗ್ಗೆ ಅವನು ಕೂತಲ್ಲೇ ನೆಗೆದುಬಿಟ್ಟ.

"ಲವಂಗ! ಗುರುಗಳೇ, ಲವಂಗ! ಬಂತು! ಕೊಡಿ ಸೌಟು!"

ಬಟ್ಟೆ ಕಿತ್ತೆಸೆದು ನೋಡಿದ.

ಗುರುಗಳ ಕೈಲಿದ್ದ ಕುಡಿಕೆ ಖಾಲಿ. ಆಗ ತಾನೇ ಕುಂಬಾರರ ಮನೆಯಿಂದ ತಂದ ಹೊಸ ಕುಡಿಕೆ. ಲವಂಗದ ಮುಖಾನೇ ಕಂಡಿರಲಿಲ್ಲ ಅದು.

"ಏನೂ ಇಲ್ಲದಾಗ ಏನೂ ಇಲ್ಲ ಅಂತೀಯಾ, ನೋಡೋಣ ಅಂತ ಹಿಡಿದೆ," ಅಂದ್ರು ಗುರುಗಳು.

"ನಾನು ಸುಳ್ಳು ಹೇಳಲಿಲ್ಲ. ನಿಜವಾಗ್ಲೂ ಬಂತು. ಗಂಟಲಿನವರೆಗೂ ಬಂತು."

"ಗೊತ್ತು."

"ಕುಡಿಕೇಲಿ ಇರಲಿಲ್ಲ. ಅಂದ್ರೆ ಮೂಗಿಂದಾನೂ ಬಂದಿಲ್ಲ. ಮತ್ತೆ..."

ಕುಬೇರನ ಕೈ ತಾನಾಗೇ ಹುಬ್ಬುಗಳ ನಡುವೆ, ಆ ಮೊಗ್ಗುಗಳಿರೋ ಕಡೆಗೆ ಹೋಯ್ತು.

"ಸೌಟು?" ಅಂದ ಮೆಲ್ಲಗೆ.

"ಇಲ್ಲ."

ಅವನ ಕಣ್ಣು ತುಂಬ್ತು. ಆದ್ರೂ ಕೆಳಗೆ ಬಿದ್ದಿದ್ದ ಬಟ್ಟೆ ಎತ್ತಿ ಕೊಡವಿದ.

"ಇದು ಹುಚ್ಚಾ ಗುರುಗಳೇ? ಇಲ್ಲದೇ ಇರೋ ಲವಂಗ ಮೂಸಿದವನು, ನಾಳೆ ಮತ್ತೆ ಕೂರ್ತೀನಿ ಅಂತಿದೀನಿ. ಕೂರ್ಲಾ? ಬೇಡ್ವಾ?"

ಗುರುಗಳು ಆ ಖಾಲಿ ಕುಡಿಕೇನ ಅವನ ಅಂಗೈಲಿಟ್ರು.

"ಯಾರೂ ಕದ ತಟ್ಟಲಿಲ್ಲ. ಆದ್ರೂ ಒಳಗೆ ಸೊರಗಿ ಮಲಗಿದ್ದವನು ಎದ್ದು ಬಂದು ಕದ ತೆಗೆದಿದಾನೆ, ಹೊಸ್ತಿಲ ಮೇಲೆ ನಿಂತು ದಾರಿ ನೋಡ್ತಿದಾನೆ. ನೀನೇ ಹೇಳು, ಅವನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ? ಕಾಯ್ತಿದ್ಯಾ, ಕದ ಹಾಕ್ಕೊಂಡು ಮತ್ತೆ ಮಲಗ್ತಿದ್ಯಾ?"