ಮೌನೇಶಪ್ಪನ ಮನೆಯ ನಲವತ್ತು ಗಡಿಯಾರ

ಬಹಳ ಬಹಳ ಹಿಂದೆ, ಒಂದೂರಲ್ಲಿ, ಮೌನೇಶಪ್ಪ ಅಂತ ಒಬ್ಬ ಪತ್ತಾರ ಇದ್ದನಂತೆ. ಹೊಟ್ಟೆಗೆ ಚಿನ್ನದ ಕೆಲಸ, ಹುಚ್ಚಿಗೆ ಗಡಿಯಾರ. ಹಳೇ ಗೋಡೆ ಗಡಿಯಾರ ಎಲ್ಲಿದ್ದರೂ ತರುತ್ತಿದ್ದ, ಬಿಚ್ಚುತ್ತಿದ್ದ, ಕೋಳಿ ಪುಕ್ಕದಿಂದ ಎಣ್ಣೆ ಮುಟ್ಟಿಸುತ್ತಿದ್ದ. ಸೋಮವಾರ ಮಿಂದು ನಲವತ್ತಕ್ಕೂ ಕೀಲಿ ಕೊಡುತ್ತಿದ್ದನಂತೆ. ನಲವತ್ತೂ ಒಟ್ಟಿಗೆ ಹನ್ನೆರಡು ಹೊಡೆದರೆ ಕೆರೆಯ ಕೊಕ್ಕರೆಗಳು ಹಾರುತ್ತಿದ್ದವಂತೆ. ಹೊಸ್ತಿಲಲ್ಲಿ ನಿಂತೇ ಗಡಿಯಾರದ ರೋಗ ಹೇಳುತ್ತಿದ್ದನಂತೆ. ಊರವರು ನಿಮಗೆ ಇಷ್ಟೇ ಹೇಳುತ್ತಾರೆ. ಅವನು ನಮ್ಮ ಮನೆತನದ ಹಿರಿಯ. ಉಳಿದದ್ದನ್ನು ನಾನೇ ಹೇಳಬೇಕು, ನಾಚಿಕೆಯಾದರೂ.

ತಾಯವ್ವ ಅಂತ ಒಬ್ಬಳು, ಗಂಡ ತೀರಿಕೊಂಡವಳು, ನಿಂತುಹೋದ ಗಡಿಯಾರವನ್ನು ಸೆರಗಲ್ಲಿ ಸುತ್ತಿ ತಂದಳಂತೆ. ಅದು ನಾಲ್ಕನೇ ಏಟಿಗೆ ಮುಂಚೆ ಒಂದಿಷ್ಟು ಉಗ್ಗುತ್ತಿತ್ತಂತೆ. ಗಂಡ ಅದನ್ನು ಅಣಕಿಸಿ ಅವಳನ್ನು ನಗಿಸುತ್ತಿದ್ದನಂತೆ. ಮೌನೇಶಪ್ಪನಿಗೆ ಅದರ ಮೇಲೆ ಕಣ್ಣು ಬಿತ್ತು. ಚಕ್ರದ ಒಂದು ಹಲ್ಲು ಸವೆದಿತ್ತು, ಅಷ್ಟೇ. ಅವನು ಮಾತ್ರ, ಇದರ ಜೀವ ಹೋಗಿದೆ ತಾಯಿ, ಬಿಟ್ಟು ಹೋಗು ಅಂದನಂತೆ. ಅವಳು ಗಡಿಯಾರಕ್ಕೆ ಕೈಮುಗಿದು, ಅತ್ತು, ಹೋದಳು.

ಹಲ್ಲು ಸರಿಮಾಡಿದ್ದೇ, ಮರುದಿನ ಗಡಿಯಾರ ನಡೆಯಿತು. ಸದ್ದು ಬೀದಿಗೆ ಕೇಳಬಾರದೆಂದು ಗಂಟೆ ಬಡಿಯುವ ಪುಟ್ಟ ಸುತ್ತಿಗೆಗೆ ಬಟ್ಟೆ ಸುತ್ತಿದ. ಒಂದು ಸೋಮವಾರ ಎಣ್ಣೆ ಹಾಕಲು ಬಟ್ಟೆ ಬಿಚ್ಚಿದವನು ಮತ್ತೆ ಸುತ್ತುವುದು ಮರೆತ. ಅವತ್ತೇ ತಾಯವ್ವ, ಪಾಪ ನನಗಾಗಿ ಕಷ್ಟಪಟ್ಟನಲ್ಲ ಎಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಜಗಲಿಗೆ ಬಂದಳಂತೆ. ಒಳಗೆ ಉಳಿದವು ಹೊಡೆದು ಮುಗಿಸಿದ ಮೇಲೂ ಅದೊಂದು ಉಗ್ಗುತ್ತಾ ಐದು ಹೊಡೆಯಿತು.

"ಇದೂ ನಮ್ಮದರಂಗ ಉಗ್ಗತೈತಲ್ರೀ ಅಣ್ಣಾರ," ಅಂದಳು. ಅವನು ಹೌದವ್ವಾ ಅಂದ. ದಿನಾ ಬಂದು ಕೇಳಲೇ ಅಂದಳು. ಅದಕ್ಕೂ ಹೂಂ ಅಂದ, ನಾಚಿಕೆಗೆಟ್ಟವನು.

ತಿಂಗಳುಗಟ್ಟಲೆ ಸಂಜೆ ಐದಕ್ಕೆ ಅವಳು ಜಗಲಿಯಲ್ಲಿ ಕೂತಳಂತೆ. ಅವನು ಒಳಗೆ ತಲೆ ತಗ್ಗಿಸಿ ಕೂತನಂತೆ. ಕೊನೆಗೆ ಸಂತೆಯ ದಿನ, ತುಂಬಿದ ಬೀದಿಯಲ್ಲಿ, ಗಡಿಯಾರ ತಲೆ ಮೇಲೆ ಹೊತ್ತು ಅವಳ ಮನೆಗೆ ನಡೆದ. ಸುಳ್ಳು ಹೇಳಿ ಇಟ್ಟುಕೊಂಡೆ ಎಂದು ಎಲ್ಲರೆದುರು ಹೇಳಿದ.

"ಮೊದಲ ದಿನಾನ ಗೊತ್ತಾಗಿತ್ರೀ ಅಣ್ಣಾರ. ನೀವಽ ತಂದ ಕೊಡ್ತೀರಿ ಅಂತ ಹಾದಿ ಕಾದೆ," ಅಂದಳಂತೆ.

ಆಗ ಗುಂಪಿನಲ್ಲಿ ಯಾರೋ, ನಮ್ಮದೂ ನಿಜವಾಗಿ ಸತ್ತಿತ್ತೇನಪ್ಪಾ ಎಂದು ಕೇಳಿದರು. ಇನ್ನೊಬ್ಬರು ಕೇಳಿದರು. ಮೌನೇಶಪ್ಪ, ಹೀಗೆ ಇಟ್ಟುಕೊಂಡವು ಇನ್ನೂ ಹತ್ತು ಇವೆ ಅಂದ. ಹತ್ತನ್ನೂ ಮನೆಮನೆಗೆ ತಾನೇ ಹೊತ್ತೊಯ್ದ. ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿದ.

ಇವತ್ತಿಗೂ ಆ ಊರಲ್ಲಿ ಗಡಿಯಾರ ಬಿಚ್ಚುವವರು ಒಳಗೆ ಒಯ್ಯುವುದಿಲ್ಲ. ಜಗಲಿ ಮೇಲೆ, ತಂದವರನ್ನು ಎದುರು ಕೂರಿಸಿಕೊಂಡೇ ಬಿಚ್ಚುತ್ತಾರೆ. ಮೊದಲು ಮೌನೇಶಪ್ಪನ ಹೆಸರು ಹೇಳಿ ಕೈಮುಗಿಯುತ್ತಾರೆ, ಗುರು ಹಾಕಿಕೊಟ್ಟ ಪದ್ಧತಿ ಅಂತಾರೆ. ಗುರುವಂತೆ ಗುರು! ಅವನ ಮನೆತನದವನು ಎಂದು ನನ್ನನ್ನೂ ಕರೆದು ಮಣೆ ಹಾಕುತ್ತಾರೆ. ನಾನು ಮಣೆ ಸರಿಸಿ ನೆಲದ ಮೇಲೆ ಕೂರುತ್ತೇನೆ.