ಹುಲಿಗೆಪ್ಪ ಹುಟ್ಟು ಹಾಕಿದ ಬಗೆ

ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತುಕೊಳ್ಳಿ. ಹೊಳೆಯ ಕಥೆ ಇದು, ಮೆಲ್ಲಗೆ ಹೇಳುತ್ತೇನೆ, ನೀವೂ ಮೆಲ್ಲಗೇ ಕೇಳಬೇಕು.

ಹೊಳೆಯ ಈ ದಡದಲ್ಲಿ ಒಂದು ಆಶ್ರಮ. ಅಲ್ಲಿ ಮರುಳಯ್ಯ ಅಂತ ಒಬ್ಬ ಗುರು. ಬಾಯಿ ತೆರೆದರೆ ಗದರಿಕೆ, ಅದೇ ಅವರ ಉಪದೇಶ. ಅವರ ಹತ್ತಿರ ಗಾಳೆಪ್ಪ ಅನ್ನುವ ಶಿಷ್ಯ.

ಆಚೆ ದಡದಲ್ಲಿ ಗಾಳೆಪ್ಪನ ಅಪ್ಪ, ಅಂಬಿಗರ ಹುಲಿಗೆಪ್ಪ. ಹೆಂಡತಿ ತೀರಿಕೊಂಡ ವರ್ಷ ಅವನೇ ಮಗನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಬಂದು ಇಲ್ಲಿಗೆ ಬಿಟ್ಟಿದ್ದ. "ಇಳಿ" ಅಂದಿದ್ದ. ಮತ್ತೊಂದು ಮಾತಿಲ್ಲ.

ಅವತ್ತಿನಿಂದ ದಿನಾ ಸಂಜೆ ಹುಲಿಗೆಪ್ಪ ಜನರನ್ನು ಈ ದಡಕ್ಕೆ ತಂದು ಇಳಿಸುತ್ತಾನೆ. ಮಗ ಆಶ್ರಮದಿಂದ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ನಿಂತಿರುತ್ತಾನೆ. ಅಪ್ಪ ಒಮ್ಮೆ ನೋಡಿ ಹರಿಗೋಲು ತಳ್ಳುತ್ತಾನೆ. ಉಂಡೆಯಾ ಅಂತಲೂ ಕೇಳುವುದಿಲ್ಲ. ಗಾಳೆಪ್ಪ ಬೆನ್ನು ತಿರುಗಿಸಿ ದಡದಡ ಮೆಟ್ಟಿಲು ಹತ್ತಿಬಿಡುತ್ತಾನೆ.

ಹೀಗೇ ಬೆಳೆದ. ಮೀಸೆ ಬಂತು. ಒಂದು ದಿನ ಹೆಗಲಿಗೆ ಬಟ್ಟೆಯ ಗಂಟು ಏರಿಸಿಕೊಂಡು ಗುರುವಿನ ಮುಂದೆ ನಿಂತ.

"ಎಲ್ಲಿಗಪ್ಪಾ ಸವಾರಿ?"

"ಉತ್ತರದ ಕಡೆಗೆ ಬುದ್ಧಿ, ಯಾತ್ರೆಯವರ ಜೊತೆ. ಮತ್ತೆ ಬರೋದಿಲ್ಲ."

"ಯಾಕೆ, ಇಲ್ಲಿಯ ಗಂಜಿ ಸಪ್ಪೆಯಾಯಿತೋ?"

"ನನಗೆ ಅಂತ ಇಲ್ಲಿ ಯಾರಿದ್ದಾರೆ? ಬೇರೆ ಹುಡುಗರ ಅಪ್ಪಂದಿರು ಬರ್ತಾರೆ. ತಲೆ ನೇವರಿಸ್ತಾರೆ, ಬೆಲ್ಲ ಕಡಲೆ ಕೊಡ್ತಾರೆ, ಹೋಗುವಾಗ ಕಣ್ಣೀರು ಹಾಕ್ತಾರೆ. ನಮ್ಮಪ್ಪ ಕಲ್ಲು, ಬುದ್ಧಿ. ಅವನ ಎದೆಯೊಳಗೆ ನಾನಿಲ್ಲ."

ಗುರು ಎಲೆಯಡಿಕೆ ಜಗಿಯುತ್ತಾ ಕೇಳಿದರು. "ಅಂಬಿಗರ ಮನೆಯವನಲ್ಲವಾ ನೀನು? ಹೇಳು ನೋಡೋಣ, ಹುಟ್ಟು ಹಾಕೋನು ಯಾವ ಕಡೆ ಮುಖ ಮಾಡಿ ಕೂರ್ತಾನೆ?"

"ಹೋಗೋ ದಿಕ್ಕಿಗೆ. ಹುಟ್ಟನ್ನ ಮುಂದೆ ಹಾಕಿ ತನ್ನ ಕಡೆ ಎಳೀಬೇಕು. ಇಲ್ಲದಿದ್ದರೆ ಹರಿಗೋಲು ಬುಗುರಿ ಆಗ್ತದೆ. ನಡುಹೊಳೇಲಿ ಸುಳಿ ಬೇರೆ ಇದೆ."

"ಇವತ್ತು ಸಂಜೆ ಅಪ್ಪ ಹೊರಟ ಮೇಲೆ ಮೆಟ್ಟಿಲು ಹತ್ತಬೇಡ. ಗೂಟದ ಹಾಗೆ ನಿಂತಿರು. ಆಮೇಲೆ ಉತ್ತರಕ್ಕಾದರೂ ಹೋಗು, ಪಾತಾಳಕ್ಕಾದರೂ ಹೋಗು."

ಸಂಜೆಯಾಯಿತು. ಹರಿಗೋಲು ಬಂತು. ಜನ ಇಳಿದರು. ಅಪ್ಪ ಒಮ್ಮೆ ನೋಡಿದ, ಹರಿಗೋಲು ತಳ್ಳಿದ. ಗಾಳೆಪ್ಪನ ಕಾಲು ಅಭ್ಯಾಸದಂತೆ ತಿರುಗಲು ಹೊರಟಿತು. ತಡೆದು ನಿಂತ.

ಹರಿಗೋಲು ಆಚೆ ದಡಕ್ಕೆ ಹೋಗುತ್ತಿತ್ತು. ಹುಲಿಗೆಪ್ಪ ಮಾತ್ರ ಈ ದಡಕ್ಕೆ ಮುಖ ಮಾಡಿ ಕೂತಿದ್ದ.

ಹುಟ್ಟನ್ನು ಎಳೆಯುವ ಬದಲು ನೂಕುತ್ತಿದ್ದ. ಹರಿಗೋಲು ಗಿರ್ರನೆ ತಿರುಗುತ್ತಿತ್ತು. ತಿರುಗಿದಾಗಲೆಲ್ಲ ಮಂಡಿಯ ಮೇಲೆ ಹೊರಳಿ ಮತ್ತೆ ಈ ಕಡೆಗೇ ಮುಖ ತರುತ್ತಿದ್ದ. ಸುಳಿಯ ಅಂಚಿನಲ್ಲಿ ಒಮ್ಮೆ ವಾಲಿತು. ಆಗಲೂ ಅವನು ಅತ್ತ ತಿರುಗಲಿಲ್ಲ.

"ಅಪ್ಪಾ!" ಗಾಳೆಪ್ಪ ಕೂಗಿದ.

ಹುಟ್ಟು ನಿಂತಿತು. ನೀರಿನ ಮೇಲಿಂದ ದನಿ ಬಂತು. "ಗಾಳಿ ಬೀಸ್ತದೆ. ಒಳಗೆ ಹೋಗು, ತಮ್ಮಾ!"

ಹಿಂದೆ ಗುರು ಬಂದು ನಿಂತಿದ್ದರು.

"ದಿನಾ ಹೀಗೇನಾ ಬುದ್ಧಿ?"

"ದಿನಾ. ನಿನ್ನ ಬೆನ್ನನ್ನೇ ನೋಡ್ತಾ ಹೋಗ್ತಿದ್ದ."

ಗಾಳೆಪ್ಪ ಉತ್ತರಕ್ಕೆ ಹೋಗಲಿಲ್ಲ. ಅಪ್ಪನ ತೋಳು ಸೋತಾಗ ಅವನನ್ನು ಆಶ್ರಮದ ಪಕ್ಕದ ಗುಡಿಸಲಿಗೆ ಕರೆತಂದ, ಹುಟ್ಟು ತಾನು ಹಿಡಿದ. ಅಪ್ಪ ಮಗ ಎದುರುಬದುರು ಕೂತು ಹೊಳೆ ದಾಟುತ್ತಿದ್ದರು. ಮಾತು ಆಗಲೂ ಅಷ್ಟಕ್ಕಷ್ಟೆ. ಒಂದು ಬೇಸಗೆಯಲ್ಲಿ ಹುಲಿಗೆಪ್ಪ ಮಗನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದ.

ಮರುಳಯ್ಯನವರಿಗೂ ವಯಸ್ಸಾಯಿತು. ತಮ್ಮ ಗುರುವಿನ ಗದ್ದುಗೆಯ ಹತ್ತಿರ ಪ್ರಾಣ ಬಿಡಬೇಕೆಂದು ಆಸೆಪಟ್ಟು ಹೊರಟರು. ಗಾಳೆಪ್ಪನೇ ಆಚೆ ದಡಕ್ಕೆ ದಾಟಿಸಿದ. ಕೈಹಿಡಿದು ಇಳಿಸಿದ, ಪಾದ ಮುಟ್ಟಿದ, ಹರಿಗೋಲು ತಳ್ಳಿದ. ಗುರುವಿನ ಕಡೆಗೇ ಮುಖ ಮಾಡಿ ಕೂತು ಹುಟ್ಟು ನೂಕಿದ.

ಮುಂದೆ ನಡೆಯಬೇಕಾದ ದಾರಿ ಕಾಯುತ್ತಿತ್ತು. ಗುರು ಕೋಲೂರಿ ದಡದಲ್ಲೇ ನಿಂತಿದ್ದರು. ಹರಿಗೋಲು ನಡುಹೊಳೆ ಸೇರುವಾಗ ಗದರಿದರು.

"ಲೇ ಗಾಳೆಪ್ಪಾ, ಸುಳಿ ಬಂತು! ಆ ಕಡೆ ತಿರುಗಿ ಹುಟ್ಟು ಹಾಕೋ!"